ಸೀಲು ಸಮೇತ ಮುನ್ನೂರು ಪ್ರತಿ

ಕುಂದಗೋಳ ತಾಲ್ಲೂಕಿನ ಗುಡಗೇರಿಯಲ್ಲಿ ನಡೆದ ಜಾಝ್ ಧ್ವನಿಮುದ್ರಿಕೆಯ ಮರುಬಿಡುಗಡೆ ವ್ಯವಹಾರದ ಒಟ್ಟು ಮೊತ್ತ ಹನ್ನೊಂದು ಲಕ್ಷ ತೊಂಬತ್ತಾರು ಸಾವಿರ ರೂಪಾಯಿ. ಪ್ರತಿಯೊಂದಕ್ಕೆ ನಾಲ್ಕು ಸಾವಿರದಂತೆ ಇನ್ನೂರಾ ತೊಂಬತ್ತೊಂಬತ್ತು ಪ್ರತಿ. ಅಚ್ಚಾದದ್ದು ಮುನ್ನೂರು. ಉಳಿದ ಒಂದು ಮಾರಾಟಕ್ಕಿರಲಿಲ್ಲ. ಮಾರಾಟಕ್ಕಿಲ್ಲದ ಮಾಲು ಯಾವಾಗಲೂ ಮಾರಾಟದ ಮಾಲಿಗಿಂತ ಹೆಚ್ಚು ತ್ರಾಸು ಕೊಡುತ್ತದೆ ಎಂಬುದು ವ್ಯಾಪಾರಸ್ಥರಿಗೆ ಗೊತ್ತಿರುವ ಮಾತೇ.

ಈ ವ್ಯವಹಾರಕ್ಕೆ ಬಂಡವಾಳ ಹಾಕಿದ ಮಡಿವಾಳೆಪ್ಪ ಮೆಣಸಿನಕಾಯಿಯವರಿಗೆ ಜಾಝ್ ಎಂದರೇನೆಂದು ಗೊತ್ತಿರಲಿಲ್ಲ. ಇದನ್ನು ಕೊರತೆ ಎಂದು ಯಾರೂ ತಿಳಿಯಬಾರದು. ಸೋಯಾಬೀನನ್ನು ಯಾರು, ಯಾತಕ್ಕೆ ತಿನ್ನುತ್ತಾರೆಂಬುದೂ ಅವರಿಗೆ ಗೊತ್ತಿಲ್ಲ. ಹದಿನೆಂಟು ವರ್ಷದಿಂದ ಮಾರುತ್ತಿದ್ದಾರೆ. ಮೆಣಸಿನಕಾಯಿ ಎಂಬುದು ಅವರ ಮನೆತನದ ಹೆಸರೂ ಹೌದು, ಕಸುಬೂ ಹೌದು. ಸ್ಟೇಷನ್ ರಸ್ತೆಯಲ್ಲಿ ಮುಂದೆ ತಕ್ಕಡಿ, ನಡುವೆ ಗಾದಿ, ಹಿಂದೆ ಗೋದಾಮು. ಗಾದಿಯ ಮೇಲೆ ಅವರು ಕೂತು ನಲವತ್ತು ವರ್ಷವಾಯಿತು.

ಬಾಜುವಿನ ಅಂಗಡಿ ಬಾಷಾಸಾಬರದು. ಬೋರ್ಡಿನ ಮೇಲೆ ‘ರೇಡಿಯೋ ರಿಪೇರಿ’ ಎಂದಿದೆ. ರಿಪೇರಿಗೆ ರೇಡಿಯೋ ಬರುವುದು ನಿಂತು ಇಪ್ಪತ್ತು ವರ್ಷವಾಗಿದ್ದು, ಈಗ ಮಿಕ್ಸರ್, ಫ್ಯಾನು, ಔಷಧ ಹೊಡೆಯುವ ಪಂಪು ಬರುತ್ತವೆ. ಬೋರ್ಡು ಬದಲಿಸಲು ಪೇಂಟರ್ ಆರುನೂರು ಕೇಳಿದ್ದರಿಂದ ರೇಡಿಯೋ ಹಾಗೇ ಉಳಿದಿದೆ. ಮಡಿವಾಳೆಪ್ಪನವರೂ ಬಾಷಾಸಾಬರೂ ಒಂದೇ ಸಾಲಿಯಲ್ಲಿ, ಒಂದೇ ಮಾಸ್ತರರ ಕೈಯಲ್ಲಿ ಏಟು ತಿಂದವರು.

ಬಾಷಾಸಾಬರ ಹತ್ತಿರ ಒಂದು ಗ್ರಾಮೊಫೋನ್ ಪ್ಲೇಟು ಇತ್ತು. ಅವರ ತಂದೆ ಇಸ್ಮಾಯಿಲಸಾಬರು ಮದುವೆ ಬ್ಯಾಂಡಿನಲ್ಲಿ ಕ್ಲಾರಿನೆಟ್ ಊದುತ್ತಿದ್ದವರು. ಎರಡೂವರೆ ವರ್ಷ ಮುಂಬೈಗೆ ಹೋಗಿ, ಅಲ್ಲಿ ಒಂದು ಹೋಟೆಲ್ಲಿನ ಏಳು ಜನರ ಜಾಝ್ ಬ್ಯಾಂಡಿನಲ್ಲಿ ಊದಿ, ಒಂದು ಸೂಟು, ಒಂದು ಕೆಮ್ಮು, ಒಂದು ಪ್ಲೇಟು ತಗೊಂಡು ತಿರುಗಿ ಬಂದರು. ಸೂಟು ಮೊದಲು ಹರಿಯಿತು. ಆಮೇಲೆ ಇಸ್ಮಾಯಿಲಸಾಬರು ತೀರಿಕೊಂಡರು. ಆಗ ಬಾಷಾಸಾಬರಿಗೆ ನಾಲ್ಕು ವರ್ಷ. ಉಳಿದ ಪ್ಲೇಟನ್ನು ತಾಯಿ ಖಾದರಬಿ ಬೆಕ್ಕಿನ ಕಾಟಕ್ಕೆ ಹಾಲಿನ ಗಡಿಗೆಯ ಮೇಲೆ ಮುಚ್ಚಿದರು. ಒಂಬತ್ತು ವರ್ಷ ಮುಚ್ಚಿದರು. ಬೆಕ್ಕಿಗೆ ಹಾಲು ಸಿಗಲಿಲ್ಲ, ಪ್ಲೇಟಿಗೆ ಗೀರು ಸಿಕ್ಕಿತು.

ಗೀರು ಎಲ್ಲೆಂದರಲ್ಲಿ ಬಿದ್ದಿರಲಿಲ್ಲ. ಕವಚದ ಹಿಂದೆ ಅಚ್ಚಾದ ಪ್ರಕಾರ ಎರಡನೆಯ ಮಗ್ಗುಲಿನ ಮೂರನೆಯ ಹಾಡಿನಲ್ಲಿ ‘ಇಸ್ಮಾಯಿಲ್, ಕ್ಲಾರಿನೆಟ್, ನಲವತ್ತು ಸೆಕೆಂಡು’. ಸೂಜಿ ಅಲ್ಲಿಗೆ ಬಂದರೆ ‘ಪೀ’ ಎಂದು ಒಂದು ಎಳೆ, ಆಮೇಲೆ ‘ಟಕ್’. ಮತ್ತೆ ಅದೇ ಪೀ, ಅದೇ ಟಕ್. ಸೂಜಿ ಎತ್ತುವ ತನಕ ಇಷ್ಟೇ. ಬಾಷಾಸಾಬರಿಗೆ ಅರವತ್ತಾರು ವರ್ಷವಾಗಿದ್ದು, ತಂದೆಯ ವಾದ್ಯದಿಂದ ಒಂದು ಪೀ ಕೇಳಿದ್ದರು. ಉಳಿದದ್ದು ಬಾಕಿ ಇತ್ತು.

ಒಂದು ಶುಕ್ರವಾರ ಪುಣೆಯ ಮಸಾಲೆ ವ್ಯಾಪಾರಿಯೊಬ್ಬ ಮೆಣಸಿನಕಾಯಿ ನೋಡಲು ಬಂದಿದ್ದಾಗ ಬಾಜುವಿನಿಂದ ಪೀ-ಟಕ್ ಕೇಳಿಸಿತು. ಆತ ಎದ್ದು ಹೋಗಿ ಕವಚ ನೋಡಿ, ಹಳೆಯ ಪ್ಲೇಟುಗಳ ದಲ್ಲಾಳಿಯಾದ ತನ್ನ ಮಾವನ ಮಗನಿಗೆ ಫೋನು ಹಚ್ಚಿದ. ತಿರುಗಿ ಗಾದಿಗೆ ಬಂದಾಗ ಅವನ ಮುಖದಲ್ಲಿ ಏನೂ ಇರಲಿಲ್ಲ. ಏನೂ ಇಲ್ಲದ ಮುಖ ಎಂದರೆ ದರ ಗೊತ್ತಾದ ಮುಖ. ಅದನ್ನು ಓದಲು ಮಡಿವಾಳೆಪ್ಪನವರಿಗೆ ಕನ್ನಡಕ ಬೇಡ.

“ಲೇ ಬಾಷಾ,” ಎಂದು ಗೋಡೆಯ ಈ ಕಡೆಯಿಂದಲೇ ಕೂಗಿದರು, “ಆ ಪ್ಲೇಟು ಯಾರಿಗೂ ಕೊಡಬ್ಯಾಡ. ಕೊಡೂದಿದ್ರ ನನ್ನ ಕೇಳಿ ಕೊಡು.”

“ನಾ ಕೊಡೂದs ಇಲ್ರಿ ಸಾವ್ಕಾರ್ರ. ನಮ್ಮಪ್ಪ ಅದಾನ ಅದರಾಗ.”

“ಇರವಲ್ನ್ಯಾಕ. ಎಷ್ಟಕ್ಕ ಅದಾನ ಅಂತ ನೋಡೂಣು.”

ನೋಡಿದರು. ಪ್ಲೇಟು ಒಂದೇ ಇದ್ದರೆ ಒಂದೇ ಸಲ ಮಾರಬಹುದು. ಅದನ್ನು ಹಸನು ಮಾಡಿ ಮುನ್ನೂರು ಅಚ್ಚು ಹಾಕಿಸಿದರೆ ಮುನ್ನೂರು ಸಲ ಮಾರಬಹುದು. ಇದಕ್ಕೆ ತಿಳಿದವರು ರೀಮಾಸ್ಟರಿಂಗ್ ಅನ್ನುತ್ತಾರೆಂದು ಪುಣೆಯವನು ಹೇಳಿದ. ಅಕ್ಕಿಗೆ ಪಾಲಿಶ್ ಹಾಕಿದಂತೆ ಎಂದು ಮಡಿವಾಳೆಪ್ಪನವರು ಅರ್ಥ ಮಾಡಿಕೊಂಡರು. ಅಲ್ಲಿಯೇ ಒಂದು ಕರಾರು ಬರೆದರು. ಕಲಂ ಒಂದು: ಬಂಡವಾಳ ಮಡಿವಾಳೆಪ್ಪನವರದು. ಕಲಂ ಎರಡು: ಲಾಭದಲ್ಲಿ ನಾಲ್ಕಾಣೆ ಪಾಲು ಬಾಷಾಸಾಬರದು.

“ಮತ್ತೇನ್ ಬೇಕಲೇ? ಈಗ ಹೇಳು. ಆಮ್ಯಾಲೆ ಮಾರಿ ಸಣ್ಣ ಮಾಡಬ್ಯಾಡ.”

ಬಾಷಾಸಾಬರು ಸ್ಕ್ರೂಡ್ರೈವರಿನಿಂದ ತಲೆ ಕೆರೆದುಕೊಂಡರು. “ನಲವತ್ತು ಸೆಕೆಂಡು ಕೇಳಬೇಕ್ರಿ. ಪೂರ್ತಿ.”

“ಇಷ್ಟ?”

“ಇಷ್ಟs ರಿ.”

ಕಲಂ ಮೂರು: ಒಂದು ಪ್ರತಿಯನ್ನು ತೆರೆದು ಬಾಷಾಸಾಬರಿಗೆ ಕೇಳಿಸತಕ್ಕದ್ದು. ಮಡಿವಾಳೆಪ್ಪನವರು ತಮ್ಮ ಕೈಯಾರೆ ಬರೆದು ಸಹಿ ಮಾಡಿದರು. ಖರ್ಚಿಲ್ಲದ ಕಲಮು ಅದೊಂದೇ ಎಂದು ಅವರಿಗೆ ಆಗ ಸಮಾಧಾನವಾಗಿತ್ತು.

ಪುಣೆಯ ದಲ್ಲಾಳಿ ಮುನ್ನೂರರಲ್ಲಿ ಇನ್ನೂರಾ ತೊಂಬತ್ತೊಂಬತ್ತನ್ನೂ ಕೊಳ್ಳಲು ಒಪ್ಪಿದ. ಆದರೆ ಮಾಲು ದುರ್ಲಭವೆಂದು ಒಂದು ಸಂಗ್ರಾಹಕರ ಸಂಘ ಪ್ರಮಾಣಪತ್ರ ಕೊಡಬೇಕು. ಅದೃಷ್ಟವಶಾತ್ ಜಿಲ್ಲೆಯಲ್ಲಿ ಅಂಥದೊಂದು ಸಂಘವಿತ್ತು.

ಧಾರವಾಡ ಜಿಲ್ಲಾ ಗ್ರಾಮಾಂತರ ಜಾಝ್ ಸಂಗ್ರಾಹಕರ ಸಂಘದಲ್ಲಿ ಹನ್ನೊಂದು ಜನ ಸದಸ್ಯರಿದ್ದು, ಅವರೆಲ್ಲರ ಬಳಿ ಸೇರಿ ಸಾವಿರದ ಒಂಬೈನೂರು ಪ್ಲೇಟುಗಳಿದ್ದವು. ಅವುಗಳಲ್ಲಿ ಜಾಝ್ ಒಂದೂ ಇರಲಿಲ್ಲ. ಜಿಲ್ಲೆಯಲ್ಲಿ ಹಿಂದೂಸ್ತಾನಿಗೆ, ನಾಟಕದ ಪದಗಳಿಗೆ, ಭಜನೆಗೆ ಆಗಲೇ ಸಂಘಗಳಾಗಿ, ಎಲ್ಲಕ್ಕೂ ಅಧ್ಯಕ್ಷರಾಗಿ ಹೋಗಿದ್ದರು. ಜಾಝ್ ಒಂದೇ ಖಾಲಿ ಇತ್ತು. ಅಧ್ಯಕ್ಷರು ಬಮ್ಮಿಗಟ್ಟಿಯ ಸಿದ್ಧಾರೂಢ ಅವರು. ಅವರ ಬಳಿ ನಾಲ್ಕುನೂರಾ ಹನ್ನೆರಡು ಪ್ಲೇಟುಗಳಿದ್ದು, ಪ್ಲೇಯರ್ ಇಲ್ಲ. ನುಡಿಸಿದರೆ ಸವೆಯುತ್ತವೆ ಎಂಬುದು ಅವರ ಸಿದ್ಧಾಂತ. ಕಾರ್ಯದರ್ಶಿ ಶೈಲಾ ಮೇಡಂ ಕಚೇರಿಯೊಂದರಲ್ಲಿ ಮೂವತ್ತೊಂದು ವರ್ಷ ಟಪಾಲು ನೋಡಿ ನಿವೃತ್ತರಾದವರು; ಸಂಘದ ನಿಯಮಾವಳಿ ಅವರೇ ಬರೆದದ್ದು. ಜಿಲ್ಲೆಯ ಏಕೈಕ ಜಾಝ್ ಪ್ಲೇಟಿನ ಮಾಲಕರಾದ ಬಾಷಾಸಾಬರು ಸಂಘದ ಸದಸ್ಯರಲ್ಲ. ಸದಸ್ಯತ್ವಕ್ಕೆ ಕನಿಷ್ಠ ಎರಡು ಪ್ಲೇಟುಗಳಿರಬೇಕು.

ಸಭೆ ಮಡಿವಾಳೆಪ್ಪನವರ ಗೋದಾಮಿನಲ್ಲಿ, ಮೆಣಸಿನಕಾಯಿ ಚೀಲಗಳ ನಡುವೆ ಸೇರಿತು. ಮೊದಲನೆಯ ಠರಾವು: ಸಭೆಯಲ್ಲಿ ಬರುವ ಸೀನುಗಳನ್ನು ಅನುಮೋದನೆ ಎಂದು ಪರಿಗಣಿಸತಕ್ಕದ್ದಲ್ಲ. ಎರಡನೆಯ ವಿಷಯ ಟಕ್.

“ಟಕ್ ತಗದ್ರ ಅದು ಬ್ಯಾರೆ ಪ್ಲೇಟಾತು,” ಎಂದರು ಸಿದ್ಧಾರೂಢ. “ರೀಮಾಸ್ಟರ್ ಮಾಡ್ರಿ, ಬ್ಯಾಡ ಅನ್ನೂದಿಲ್ಲ. ಆದ್ರ ಇದ್ದದ್ದು ಇದ್ದಂಗ ಇರಬೇಕು.”

“ಇದ್ದದ್ದು ಇದ್ದಂಗ ಇರೂದಾದ್ರ ನಾ ರೊಕ್ಕ ಯಾಕ ಹಾಕಬೇಕ್ರಿ?” ಎಂದು ಮಡಿವಾಳೆಪ್ಪನವರು ಕೇಳಿದರು.

“ಅದು ಸಂಗ್ರಾಹಕರ ವಿಚಾರ. ನಿಮಗ ತಿಳಿಯೂದಿಲ್ಲ.”

ಬಾಷಾಸಾಬರು ಎದ್ದು ನಿಂತರು. “ಅಧ್ಯಕ್ಷರ, ಮೂಲದಾಗ ಟಕ್ ಇರಲಿಲ್ರಿ. ನಮ್ಮವ್ವ ಹಾಲಿನ ಗಡಗಿ ಮ್ಯಾಲೆ ಮುಚ್ಚಿದ್ಲು.”

“ಎಲ್ಲಿ ಮುಚ್ಚಿದ್ರು?”

“ಇಲ್ಲೇ. ನಮ್ಮ ಮನ್ಯಾಗ.”

ಶೈಲಾ ಮೇಡಂ ನಿಯಮಾವಳಿ ತೆರೆದು ಓದಿದರು: “ಸದ್ದುಗಳು ಮೂರು ವಿಧ. ಒಂದು, ಹುಟ್ಟಿನಿಂದ ಬಂದ ಸದ್ದು, ಇದನ್ನು ತೆಗೆಯಬಹುದು. ಎರಡು, ಬಳಕೆಯಿಂದ ಬಂದ ಸದ್ದು. ಇದನ್ನು ಅರ್ಜಿ ಕೊಟ್ಟು ತೆಗೆಯಬಹುದು. ಮೂರು, ಪ್ರಾದೇಶಿಕ ಸದ್ದು. ತಾಲ್ಲೂಕಿನ ಗಡಿಯೊಳಗೆ ಉಂಟಾದ ಯಾವುದೇ ಗೀರು, ಕಲೆ ಅಥವಾ ಟಕ್ ಪ್ರದೇಶದ ಕೊಡುಗೆಯಾಗಿದ್ದು, ಅದನ್ನು ರಕ್ಷಿಸತಕ್ಕದ್ದು.”

“ನೋಡ್ರಿ ಮತ್ತ,” ಎಂದರು ಅಧ್ಯಕ್ಷರು. “ಇಡೀ ಪ್ಲೇಟಿನ್ಯಾಗ ಕುಂದಗೋಳ ತಾಲ್ಲೂಕಿಂದು ಅಂತ ಇರೋದು ಅದೊಂದs ಸದ್ದು.”

“ನಮ್ಮಪ್ಪನೂ ಇದs ತಾಲ್ಲೂಕಿನಾವ್ರಿ,” ಎಂದರು ಬಾಷಾಸಾಬರು.

ಗೋದಾಮಿನಲ್ಲಿ ಒಂದು ಗಳಿಗೆ ಯಾರೂ ಸೀನಲಿಲ್ಲ.

“ಅದಕ್ಕೆ ದಾಖಲೆ ಬೇಕಾಗುತ್ತದೆ,” ಎಂದರು ಶೈಲಾ ಮೇಡಂ.

ದಾಖಲೆ ಇರಲಿಲ್ಲ. ಗಡಿಗೆ ಇತ್ತು. ಹಾಗಾಗಿ ಟಕ್ ಪ್ರಾದೇಶಿಕವೆಂದೂ ಇಸ್ಮಾಯಿಲಸಾಬರು ಹೊರಗಿನವರೆಂದೂ ತಾತ್ಕಾಲಿಕವಾಗಿ ಬರೆದುಕೊಳ್ಳಲಾಯಿತು. ಇನ್ನು ನ್ಯಾಯ ಮಾತಾಡಿದರೆ ಹೊತ್ತು ಹೋಗುತ್ತದೆ, ಮಾಲು ಹೋಗುವುದಿಲ್ಲ ಎಂದು ಮಡಿವಾಳೆಪ್ಪನವರಿಗೆ ಕಂಡಿತು. ಅವರು ಹೆಗಲ ಮೇಲಿನ ಟವೆಲ್ ತೆಗೆದು ಅಧ್ಯಕ್ಷರ ಕೈಯ ಮೇಲೆ ಹಾಕಿ, ತಮ್ಮ ಕೈ ಒಳಗೆ ತೂರಿಸಿದರು. ದನದ ಸಂತೆಯಲ್ಲಿ ದಲಾಲರು ದರವನ್ನು ಬಾಯಿಂದ ಆಡುವುದಿಲ್ಲ. ಟವೆಲ್ಲಿನ ಮರೆಯಲ್ಲಿ ಬೆರಳು ಹಿಡಿದು ಆಡುತ್ತಾರೆ. ದನದ ಸಂತೆ ನೆರೆಯುವ ಬಮ್ಮಿಗಟ್ಟಿಯವರಾದ ಅಧ್ಯಕ್ಷರಿಗೆ ಈ ಭಾಷೆ ನಿಯಮಾವಳಿಗಿಂತ ಚೆನ್ನಾಗಿ ಬರುತ್ತಿತ್ತು. ಅವರು ನಾಲ್ಕು ಬೆರಳು ಹಿಡಿದರು: ನಲವತ್ತೂ ಸೆಕೆಂಡು ಟಕ್ ಇರಲೇಬೇಕು. ಮಡಿವಾಳೆಪ್ಪನವರು ನಾಲ್ಕನ್ನೂ ಮಡಚಿದರು. ಅಧ್ಯಕ್ಷರು ಹೆಬ್ಬೆರಳು ಒತ್ತಿದರು. ಮಡಿವಾಳೆಪ್ಪನವರು ಬೆರಳಿನ ಗಿಣ್ಣು ಎಣಿಸಿದರು. ಕೊನೆಗೆ ಇಬ್ಬರೂ ಕೈ ಹೊರತೆಗೆದು ಒರಸಿಕೊಂಡರು, ಟವೆಲ್ ಹೆಗಲಿಗೆ ಹೋಯಿತು, ಏಳನೆಯ ಠರಾವು ಪಾಸಾಯಿತು:

“ಎರಡನೆಯ ಮಗ್ಗುಲಿನ ಮೂರನೆಯ ಹಾಡಿನಿಂದ ಪ್ರಾದೇಶಿಕ ಸದ್ದನ್ನು ತೆಗೆಯಲು ಅನುಮತಿಸಿದೆ. ಇದರಿಂದ ಪ್ರದೇಶಕ್ಕಾಗುವ ಹಾನಿಗೆ ಬದಲಾಗಿ ಅದೇ ಮಗ್ಗುಲಿನ ಬೇರೊಂದು ಸ್ಥಳದಲ್ಲಿ ನಲವತ್ತು ಸೆಕೆಂಡುಗಳ ಪರಿಹಾರಾತ್ಮಕ ಗೀರನ್ನು ಹಾಕತಕ್ಕದ್ದು. ಪ್ರಮಾಣಪತ್ರ, ಪರಿಶೀಲನೆ ಹಾಗೂ ಗೀರಿನ ಮೇಲ್ವಿಚಾರಣೆಗೆ ಸಂಘದ ಶುಲ್ಕ ರೂಪಾಯಿ ತೊಂಬತ್ತೆರಡು ಸಾವಿರ.”

ಇದರಲ್ಲಿ ಹೊಸದೇನಿಲ್ಲ. ಇಲ್ಲಿ ಕಾಡು ಕಡಿದವರು ಅಲ್ಲಿ ಸಸಿ ನೆಡುವ ಪದ್ಧತಿ ಸರಕಾರದಲ್ಲಿಯೂ ಇದೆ. ಗೀರು ಎಲ್ಲಿ ಹಾಕಬೇಕೆಂಬ ಬಗ್ಗೆ ಚರ್ಚೆಯಾಗಿ, ಡ್ರಮ್ ಬಾರಿಸುವ ಜಾಗವನ್ನು ಆರಿಸಲಾಯಿತು. ಡ್ರಮ್ ಬಾರಿಸಿದವನ ವಾರಸುದಾರರು ಯಾರೂ ಸಭೆಯಲ್ಲಿ ಹಾಜರಿಲ್ಲದ್ದರಿಂದ ಆಕ್ಷೇಪಣೆ ಬರಲಿಲ್ಲ.

ಹಸನು ಮಾಡುವ ಕೆಲಸ ಹುಬ್ಬಳ್ಳಿಯಲ್ಲಿ ಸ್ಟುಡಿಯೋ ಇಟ್ಟಿದ್ದ ಯಲ್ಲೇಶನಿಗೆ ಹೋಯಿತು. ಆತ ಮದುವೆ ವೀಡಿಯೋಗಳಿಗೆ ಹಾಡು ಕೂಡಿಸುವವ. ಚುನಾವಣೆ ಬಂದಾಗ ಎಲ್ಲ ಪಕ್ಷಗಳಿಗೂ ಒಂದೇ ಧಾಟಿಯ ಪ್ರಚಾರದ ಹಾಡು ಮಾಡಿ ಕೊಡುವವ. ಮೂರು ದಿನ ಹೆಡ್‌ಫೋನ್ ಹಾಕಿಕೊಂಡು, ಸೂಜಿಯನ್ನು ಒಂದೊಂದು ಕೂದಲೆಳೆಯಷ್ಟು ದೂಡಿ, ತುಣುಕು ತುಣುಕಾಗಿ ಹಿಡಿದು ಹೊಲಿದ. ಬಾಷಾಸಾಬರು ಗಾಜಿನ ಆಚೆ ಬೆಂಚಿನ ಮೇಲೆ ಕುಳಿತಿದ್ದರು. ಒಳಗೆ ಬಿಡುವಂತಿರಲಿಲ್ಲ. ‘ಬಿಡುಗಡೆಗೆ ಮುಂಚೆ ಕೇಳುವುದನ್ನು ನಿಷೇಧಿಸಿದೆ’ ಎಂದು ಶೈಲಾ ಮೇಡಂ ಗಾಜಿನ ಮೇಲೆ ಹಾಳೆ ಅಂಟಿಸಿದ್ದರು. ಮೂರನೆಯ ದಿನ ಮಧ್ಯಾಹ್ನ ಯಲ್ಲೇಶನ ತಲೆ ತಾನಾಗಿ ತೂಗತೊಡಗಿತು. ನಲವತ್ತು ಸೆಕೆಂಡು ತೂಗಿ ನಿಂತಿತು. ಬಾಷಾಸಾಬರು ಗಡಿಯಾರ ನೋಡಿಕೊಂಡಿದ್ದರು.

ಅವನು ಹೊರಗೆ ಬಂದ ಕೂಡಲೇ, “ಹೆಂಗೈತಿಪಾ?” ಎಂದರು.

“ಕಾಕಾ, ಅಗದಿ ಬೆಣ್ಣಿ.”

“ಮತ್ತ?”

“ಮತ್ತೇನ್ ಹೇಳ್ಲಿ? ಬೆಣ್ಣಿ ಅಂದ ಮ್ಯಾಲೆ ಆತಲ್ಲ.”

ಅಚ್ಚಿಗೆ ಕಳಿಸಿದ ಮೇಲೆ, ದುರ್ಲಭತೆ ಕೆಡಬಾರದೆಂದು, ಯಲ್ಲೇಶನ ಕಂಪ್ಯೂಟರಿನಲ್ಲಿದ್ದದ್ದನ್ನೆಲ್ಲ ಇಬ್ಬರು ಪಂಚರ ಸಮಕ್ಷಮ ಅಳಿಸಿ ಪಂಚನಾಮೆ ಬರೆಯಲಾಯಿತು. ಮೂಲ ಪ್ಲೇಟನ್ನು ಕಬ್ಬಿಣದ ಟ್ರಂಕಿನಲ್ಲಿಟ್ಟು ಮೂರು ಕೀಲಿ ಹಾಕಲಾಯಿತು. ಇನ್ನು ಮುಂದೆ ಅದನ್ನು ನುಡಿಸತಕ್ಕದ್ದಲ್ಲ. ಹೀಗೆ ಬಾಷಾಸಾಬರ ಆ ಒಂದು ಪೀ ಕೂಡ ಸಂಘದ ಸುಪರ್ದಿಗೆ ಹೋಯಿತು.

ಎರಡೂವರೆ ತಿಂಗಳಿಗೆ ಮುನ್ನೂರು ಪ್ರತಿಗಳು ಆರು ಪೆಟ್ಟಿಗೆಯಲ್ಲಿ ಗೋದಾಮಿಗೆ ಬಂದವು. ಪರಿಶೀಲನೆಗೆ ಸಂಘದ ಹನ್ನೊಂದೂ ಜನ ಬಂದರು. ಹೊಸ ಕವಚ, ಅದರ ಮೇಲೆ ಕನ್ನಡಿಯಂಥ ಪ್ಲಾಸ್ಟಿಕ್ಕಿನ ಹೊದಿಕೆ. ಮಾಲು ಬಂದರೆ ಮಡಿವಾಳೆಪ್ಪನವರ ಕೈ ತಾನಾಗಿ ಗೋಡೆಯತ್ತ ಹೋಗುತ್ತದೆ. ಅಲ್ಲಿ ಮೊಳೆಗೆ ಒಂದು ಚೂಪು ಕಬ್ಬಿಣದ ಕೊಳವೆ ತೂಗುಹಾಕಿದೆ. ಚೀಲಕ್ಕೆ ಅದನ್ನು ಚುಚ್ಚಿದರೆ ಒಳಗಿನ ಕಾಳು ಅಂಗೈಗೆ ಬರುತ್ತದೆ. ಚುಚ್ಚಿ ನೋಡದ ಮಾಲನ್ನು ಅವರು ಜನ್ಮದಲ್ಲಿ ಕೊಂಡಿಲ್ಲ, ಕೊಟ್ಟಿಲ್ಲ. ಕೊಳವೆ ಹಿಡಿದು ಮೊದಲನೆಯ ಪೆಟ್ಟಿಗೆಗೆ ಬಾಗಿದರು.

“ಏ ಏ ಏ!” ಎಂದು ಸಿದ್ಧಾರೂಢ ಅಡ್ಡ ಬಿದ್ದರು. “ಮನಿ ಮುರೀತೀರಿ ಏನ್ರಿ!”

“ಸ್ಯಾಂಪಲ್ ನೋಡ್ತೇನ್ರಿ.”

“ಸ್ಯಾಂಪಲ್ ಇಲ್ರಿ ಇದಕ್ಕ! ಸೀಲು ಒಡದ್ರ ಮುಗೀತು!”

ಶೈಲಾ ಮೇಡಂ ಪುಣೆಯಿಂದ ಬಂದ ಖರೀದಿ ಷರತ್ತುಗಳ ನಾಲ್ಕನೆಯ ಪುಟ ತೆಗೆದರು. ಮಡಿವಾಳೆಪ್ಪನವರು ಮೊದಲನೆಯ ಪುಟದಲ್ಲಿ ದರ ನೋಡಿ ಸಹಿ ಮಾಡಿದ್ದರು. ನಾಲ್ಕನೆಯದರಲ್ಲಿ ಹೀಗಿತ್ತು: “ಆವೃತ್ತಿಯ ಮುನ್ನೂರೂ ಪ್ರತಿಗಳು ಸೀಲು ಸಮೇತ ಇರತಕ್ಕದ್ದು. ಇವುಗಳ ಪೈಕಿ ಯಾವುದೇ ಒಂದು ಪ್ರತಿಯ ಸೀಲು ಎಲ್ಲಿಯೇ ಆಗಲಿ, ಯಾರಿಂದಲೇ ಆಗಲಿ ಒಡೆದಲ್ಲಿ ಎಲ್ಲ ಪ್ರತಿಗಳ ದರವು ತಲಾ ನಾಲ್ಕುನೂರು ರೂಪಾಯಿ ಆಗತಕ್ಕದ್ದು.”

ಮಡಿವಾಳೆಪ್ಪನವರು ಕೊಳವೆಯನ್ನು ಮೆಲ್ಲಗೆ ಮೊಳೆಗೆ ಹಾಕಿದರು. “ಹಂಗಾರ ಒಳಗ ಏನೈತಿ ಅಂತ ತಗೊಂಡವರಿಗೆ ಹೆಂಗ ಗೊತ್ತಾಗಬೇಕು?”

“ಗೊತ್ತಾಗಬಾರದು. ಅದಕ್ಕs ನಾಕ ಸಾವಿರ.”

“ಕೇಳೂದಿಲ್ಲೇನು?”

“ಕೇಳೋರು ಸಂಗ್ರಾಹಕರಲ್ರಿ, ಕೇಳುಗರು. ಅವರ ಸಂಘ ಬ್ಯಾರೆ.”

ಮಡಿವಾಳೆಪ್ಪನವರು ಗಾದಿಯ ಅಂಚಿಗೆ ಕುಳಿತರು. ನಲವತ್ತು ವರ್ಷದಲ್ಲಿ ಗಿರಾಕಿಗಳು ಸ್ಯಾಂಪಲ್ ಎಂದು ಹಿಡಿ ಹಿಡಿ ತಿಂದು ಹೋದ ಶೇಂಗಾ ಅವರ ಕಣ್ಣ ಮುಂದೆ ರಾಶಿ ಬಿತ್ತು. ಬಾಯಿ ಹೊಲಿದ ಚೀಲವನ್ನು ಬಿಚ್ಚದೆ ಕೊಂಡು, ಬಿಚ್ಚದೆ ಇಟ್ಟು, ಬಿಚ್ಚದೆ ಇನ್ನೊಬ್ಬನಿಗೆ ಹೆಚ್ಚಿನ ದರಕ್ಕೆ ಮಾರುವ ಜನ ಇದೇ ಭೂಮಿಯ ಮೇಲೆ ಇದ್ದರು, ತಾನು ಮಾತ್ರ ಮೆಣಸಿನಕಾಯಿ ಮಾರುತ್ತ ಕುಳಿತೆ. ಆಯುಷ್ಯವೆಲ್ಲ ತಪ್ಪು ಮಾಲಿನಲ್ಲಿ ಹೋಯಿತೇನೋ ಎಂದು ಅವರಿಗೆ ಅನ್ನಿಸಿತು.

ಅಷ್ಟರಲ್ಲಿ ಬಾಷಾಸಾಬರು ಬಂದರು. ಇಸ್ತ್ರಿ ಮಾಡಿದ ಅಂಗಿ ಹಾಕಿದ್ದರು. ಬಾಜುವಿನ ಅಂಗಡಿಯಲ್ಲಿ ಪ್ಲೇಯರಿಗೆ ಹೊಸ ಸೂಜಿ ಹಾಕಿ, ಬೆಲ್ಟು ಬದಲಿಸಿ, ಒರೆಸಿ ಇಟ್ಟಿದ್ದರು. ಕೈಯಲ್ಲಿ ವಾಯರ್ ಸುಲಿಯುವ ಬ್ಲೇಡಿತ್ತು. ಹಿಂದೆ ಅವರ ಹೆಂಡತಿ ಜಮಾಲಬಿ.

“ಒಂದನೇ ನಂಬರಿಂದು ಕೊಡ್ರಿ ಸಾವ್ಕಾರ್ರ. ಒಡೀತೇನಿ.”

ಹನ್ನೊಂದು ಜನ ಸಂಗ್ರಾಹಕರು ಬ್ಲೇಡನ್ನೇ ನೋಡುತ್ತಿದ್ದರು. ಮಡಿವಾಳೆಪ್ಪನವರು ಮನಸ್ಸಿನಲ್ಲಿಯೇ ಲೆಕ್ಕ ಹಾಕಿದರು: ಪ್ರತಿಯೊಂದಕ್ಕೆ ಮೂರು ಸಾವಿರದ ಆರುನೂರು ಲುಕ್ಸಾನು, ಇನ್ನೂರಾ ತೊಂಬತ್ತೊಂಬತ್ತು ಪ್ರತಿ. ಹತ್ತು ಲಕ್ಷ ಎಪ್ಪತ್ತಾರು ಸಾವಿರದ ನಾಲ್ಕುನೂರು. ಐದು ಪೈಸೆಯ ಬ್ಲೇಡು.

ಬಾಷಾಸಾಬರಿಗೆ ನಾಲ್ಕನೆಯ ಪುಟವನ್ನು ಓದಿ ಹೇಳಲಾಯಿತು. ಅವರು ಪೂರ್ತಿ ಕೇಳಿ, ಕಿಸೆಯಿಂದ ತಮ್ಮ ಕರಾರು ತೆಗೆದರು. “ಕಲಂ ಮೂರು ನೀವs ಬರದದ್ದು. ತೆರೆದು ಕೇಳಿಸತಕ್ಕದ್ದು.”

“ಬರದೇನಪಾ. ಇಲ್ಲ ಅನ್ನೂದಿಲ್ಲ,” ಎಂದರು ಮಡಿವಾಳೆಪ್ಪನವರು. ಬರೆದುಕೊಟ್ಟ ಮಾತು ತಪ್ಪಿದವನ ಅಂಗಡಿಗೆ ಮರುದಿನ ಗಾಡಿ ಬರುವುದಿಲ್ಲ. ಹತ್ತು ಲಕ್ಷಕ್ಕಿಂತ ಅದು ದೊಡ್ಡ ಲುಕ್ಸಾನು. ಅವರಿಗೆ ಮುಂದೆಯೂ ದಾರಿ ಇರಲಿಲ್ಲ, ಹಿಂದೆಯೂ ಇರಲಿಲ್ಲ.

ಸಿದ್ಧಾರೂಢ ಒಂದು ದಾರಿ ಹೇಳಿದರು. “ಸಂಘದಿಂದ ನಿಮಗೊಂದು ಶ್ರವಣ ಪ್ರಮಾಣಪತ್ರ ಕೊಡ್ತೇವ್ರಿ ಬಾಷಾಸಾಬ್ರ. ನಲವತ್ತೂ ಸೆಕೆಂಡು ಕೇಳ್ಯಾರ ಅಂತ. ಫ್ರೇಮ್ ಹಾಕಿಸಿ.”

“ಫ್ರೇಮ್ ತಂದು ಪ್ಲೇಯರಿನ ಮ್ಯಾಲೆ ಇಟ್ರ ನುಡೀತೈತೇನ್ರಿ?”

“ನುಡಿಯೂದಿಲ್ಲ. ಸವೆಯೂದೂ ಇಲ್ಲ.”

ಜಮಾಲಬಿ ಅಷ್ಟು ಹೊತ್ತು ಮೆಣಸಿನಕಾಯಿಯ ಬಣ್ಣ ನೋಡುತ್ತ ನಿಂತಿದ್ದರು. “ಅಣ್ಣಾರ, ಒಡೀಲಿಲ್ಲಂದ್ರ ನಮ್ಮ ಪಾಲು ಎಷ್ಟ್ರಿ?” ಎಂದು ಮಡಿವಾಳೆಪ್ಪನವರನ್ನು ಕೇಳಿದರು.

“ಒಂದೂವರಿ ಲಕ್ಷ, ತಂಗಿ.”

“ಒಡದ್ರ?”

“ನಾವೆಲ್ಲಾರೂ ಕೂಡಿ ಅಳೂದು.”

ಜಮಾಲಬಿ ಗಂಡನ ಕಡೆ ತಿರುಗಿದರು. “ನಮ್ಮತ್ತಿ ಆ ಪ್ಲೇಟು ಮುಚ್ಚಿ ಒಂಬತ್ತು ವರ್ಷ ಹಾಲು ಕಾದ್ಲು. ನೀವು ಈಗ ಒಡದು ಬೆಕ್ಕಿಗೆ ಹಾಕ್ರಿ.”

“ನಿನಗೇನ್ ಗೊತ್ತು ಬಿಡು. ನಿಮ್ಮಪ್ಪನ ಧ್ವನಿ ನೀ ದಿನಾ ಕೇಳೀದಿ.”

“ಹೂಂ, ದಿನಾ ಬೈತಿದ್ದ. ರೆಕಾರ್ಡ್ ಮಾಡೋರು ಯಾರೂ ಬರಲಿಲ್ಲ.”

ಬ್ಲೇಡು ಇಳಿಯಲಿಲ್ಲ, ಏರಲೂ ಇಲ್ಲ. ಇದೇ ಹೊತ್ತಿಗೆ ಯಲ್ಲೇಶ ತನ್ನ ಬಿಲ್ಲಿನ ಬಾಕಿ ಎಂಟು ಸಾವಿರ ಇಸಗೊಳ್ಳಲು ಗೋದಾಮಿಗೆ ಬಂದ. ಬಾಷಾಸಾಬರು ಅವನನ್ನು ಬಾಗಿಲಲ್ಲೇ ಹಿಡಿದರು.

“ಜಗತ್ತಿನ್ಯಾಗ ನೀ ಒಬ್ಬಾವನs ಕೇಳೀದಿ. ಬೆಣ್ಣಿ ಅಂತ ಹೇಳಿ ಹೋದಿ. ಹೆಂಗಿತ್ತು ಅಂತರ ಹೇಳಲೇ.”

“ಹೇಳಾಕ ಬರೂದಿಲ್ಲ ಕಾಕಾ, ಹಿಂಗ,” ಎಂದು ಯಲ್ಲೇಶ ತುಟಿ ಚೂಪು ಮಾಡಿ ಸಿಳ್ಳೆ ಹೊಡೆದ. ಮೊದಲಿನ ಎಳೆ ಅದೇ ಪೀ. ಬಾಷಾಸಾಬರು ಟಕ್ಕಿಗಾಗಿ ಕಾದರು. ಟಕ್ ಬರಲಿಲ್ಲ. ಪೀ ಮೇಲಕ್ಕೆ ಹೊರಟಿತು.

“ನಿಲ್ಲಿಸಿ!” ಎಂದರು ಶೈಲಾ ಮೇಡಂ.

ಯಲ್ಲೇಶನ ಸಿಳ್ಳೆ ಅಲ್ಲೇ ಕಡಿಯಿತು.

“ನಿಯಮ ಮೂವತ್ತೊಂದು. ಯಾವುದೇ ಸಾಧನದಿಂದ ಮಾಡಿದ ಪುನರುತ್ಪಾದನೆಯು ಒಂದು ಪ್ರತಿ ಎನಿಸುತ್ತದೆ. ಇವರ ಬಾಯಿ ಮುನ್ನೂರಾ ಒಂದನೆಯ ಪ್ರತಿ. ಪಂಚನಾಮೆಯಲ್ಲಿ ಇದನ್ನು ಅಳಿಸುವುದು ಬಿಟ್ಟುಹೋಗಿದೆ.”

“ನನ್ನ ಬಾಯಿ ಅಳಸ್ತೀರೇನ್ರಿ ಮೇಡಂ?” ಎಂದ ಯಲ್ಲೇಶ, ಒಂದು ಹೆಜ್ಜೆ ಹಿಂದೆ ಸರಿದು.

ಗಂಭೀರ ಚರ್ಚೆಯಾಯಿತು. ತಿರ್ಲಾಪುರದ ಸದಸ್ಯರೊಬ್ಬರು ಯಲ್ಲೇಶನನ್ನೂ ಟ್ರಂಕಿನಲ್ಲಿ ಇಡಬೇಕಾಗುತ್ತದೆ ಎಂದರು. ಟ್ರಂಕು ಸಣ್ಣದೆಂದು ಅದನ್ನು ಕೈಬಿಡಲಾಯಿತು. ಕೊನೆಗೆ ಸಿದ್ಧಾರೂಢ ಅವರು ಯಲ್ಲೇಶನ ಸುತ್ತ ಒಂದು ಪ್ರದಕ್ಷಿಣೆ ಹಾಕಿ, ಬೆನ್ನು, ಕಿವಿ, ಹಲ್ಲು ಪರಿಶೀಲಿಸಿ, ತಮ್ಮ ಅಭಿಪ್ರಾಯ ಕೊಟ್ಟರು.

“ಪ್ರತಿ ಹೌದು. ಆದ್ರ ಕವಚ ಇಲ್ಲ, ನಂಬರ್ ಇಲ್ಲ. ಸೀಲು ಮೊದಲಿಂದs ಇಲ್ಲ. ಇಲ್ಲದ ಸೀಲು ಒಡದೈತಿ ಅನ್ನಾಕ ಬರೂದಿಲ್ಲ. ಮುನ್ನೂರರ ಲೆಕ್ಕಕ್ಕ ಧಕ್ಕಿ ಇಲ್ಲ. ಇದು ತೆರೆದ ಪ್ರತಿ, ಬಳಸಿದ್ದು, ಮಧ್ಯಮ ಸ್ಥಿತಿ. ದರ ನಾಕನೂರು.”

‘ತೆರೆದ’ ಎಂಬ ಮಾತು ಕಿವಿಗೆ ಬಿದ್ದ ಕೂಡಲೇ ಮಡಿವಾಳೆಪ್ಪನವರ ಕೈ ಕಿಸೆಗೆ ಹೋಯಿತು. ನಾಲ್ಕು ನೂರರ ನೋಟು ಎಣಿಸಿ ಮೇಡಂ ಮುಂದಿಟ್ಟರು. ಒಂದು ಸಿಳ್ಳೆಗೆ ನಾಲ್ಕುನೂರು ಅಗದಿ ತುಟ್ಟಿಯಾಯಿತು ಎಂದು ಅವರಿಗೆ ಗೊತ್ತಿತ್ತು. ಆದರೆ ಬ್ಲೇಡು ಹಿಡಿದ ಮನುಷ್ಯ ಎದುರಿಗಿರುವಾಗ ಚೌಕಾಸಿ ಮಾಡಬಾರದು.

“ಕಲಂ ಮೂರು,” ಎಂದರು. “ತೆರೆದ ಪ್ರತಿ. ಕೇಳಿಸ್ತೇನಿ. ಆತಿಲ್ಲೋ ಬಾಷಾ?”

ಬಾಷಾಸಾಬರು ಯಲ್ಲೇಶನನ್ನು ಮೇಲಿನಿಂದ ಕೆಳಗೆ ನೋಡಿದರು. “ಪೂರ್ತಿ ಬರ್ತೈತೇನ್ಲೇ? ಕಡೀತನ?”

“ಮೂರು ದಿನ ಅದನ್ನs ಹೊಲದೇನಿ ಕಾಕಾ. ಈಗ ಬಚ್ಚಲದಾಗೂ ಅದs ಬರ್ತೈತಿ. ಮನ್ಯಾಗ ಬೈತಾರ.”

ಬಾಷಾಸಾಬರು ಬ್ಲೇಡನ್ನು ಕಾಗದದಲ್ಲಿ ಸುತ್ತಿ ಕಿಸೆಗೆ ಹಾಕಿ, ಒಂದು ಚೀಲದ ಮೇಲೆ ಕುಳಿತರು. ಶೈಲಾ ಮೇಡಂ ಮೊಬೈಲಿನಲ್ಲಿ ಸಮಯ ಹಚ್ಚಿದರು. ಯಲ್ಲೇಶ ಸಿಳ್ಳೆ ಹೊಡೆದ. ಪೀ ಹೊರಟು ಮೇಲೇರಿ, ಅಲ್ಲಿಂದ ಹೊರಳಿ, ಮದುವೆಯ ಮೆರವಣಿಗೆ ಓಣಿಯ ತಿರುವಿನಲ್ಲಿ ಬಂದಂತೆ ಸ್ವಲ್ಪ ಹೊತ್ತು ಕುಣಿದು, ಮತ್ತೆ ಮುಂಬೈಯ ಕಡೆ ಹೋಯಿತು. ಇಪ್ಪತ್ತೇಳನೆಯ ಸೆಕೆಂಡಿಗೆ ಒಂದು ಕೆಮ್ಮು ಬಂದಿತು. ಆಮೇಲೆ ಉಳಿದದ್ದು.

ಸಿಳ್ಳೆ ಮುಗಿಯಿತು. ಮೇಡಂ ಬರೆದುಕೊಂಡರು: ನಲವತ್ತೊಂದು ಸೆಕೆಂಡು, ಒಂದು ಸೆಕೆಂಡು ಹೆಚ್ಚುವರಿ.

“ಕೆಮ್ಮು ಯಾರದಪಾ?” ಎಂದು ಬಾಷಾಸಾಬರು ಕೇಳಿದರು.

“ನಂದs ಕಾಕಾ. ಮೆಣಸಿನಕಾಯಿ ಘಾಟು.”

“ಇರ್ಲಿ. ಅಪ್ಪನೂ ಕೆಮ್ಮತಿದ್ದ ಅಂತ ಅವ್ವ ಹೇಳತಿದ್ಲು.” ಎದ್ದು ಅಂಗಿ ಝಾಡಿಸಿಕೊಂಡರು. “ಭಾರಿ ಊದ್ಯಾನ ಅಲ್ರೀ ಸಾವ್ಕಾರ್ರ?”

“ಛಲೋ ಮಾಲು,” ಎಂದರು ಮಡಿವಾಳೆಪ್ಪನವರು. ಸ್ಯಾಂಪಲ್ ನೋಡಿದಂತಾಗಿ ಅವರಿಗೂ ಸಮಾಧಾನವಾಗಿತ್ತು.

ಸದರಿ ಕೆಮ್ಮು ತಾಲ್ಲೂಕಿನ ಗಡಿಯೊಳಗೆ ಉಂಟಾದದ್ದರಿಂದ ಅದನ್ನು ಪ್ರಾದೇಶಿಕ ಸದ್ದೆಂದು ಘೋಷಿಸಿ, ಮುಂದೆ ಯಲ್ಲೇಶನು ಎಲ್ಲಿಯೇ ಸಿಳ್ಳೆ ಹೊಡೆದರೂ ಇಪ್ಪತ್ತೇಳನೆಯ ಸೆಕೆಂಡಿಗೆ ಕೆಮ್ಮತಕ್ಕದ್ದೆಂದು ಸಭೆ ಒಮ್ಮತದಿಂದ ಠರಾಯಿಸಿತು. ಯಲ್ಲೇಶ ಒಪ್ಪಿ ಸಹಿ ಮಾಡಿದ.

ಮಾಲು ಪುಣೆಗೆ ಹೋಯಿತು. ಅಲ್ಲಿಂದ ಬಿಚ್ಚದೆ ನಾಲ್ಕು ದೇಶಗಳಿಗೆ ಹೋಯಿತು. ಎಲ್ಲಿಂದಲೂ ತಕರಾರು ಬಂದಿಲ್ಲ. ಡ್ರಮ್ಮಿನ ಜಾಗದ ಗೀರಿನ ಬಗ್ಗೆ ಕೂಡ ಯಾರೂ ಬರೆದಿಲ್ಲ. ಧ್ವನಿಯ ಗುಣಮಟ್ಟ ಅತ್ಯುತ್ತಮವಾಗಿದೆ ಎಂದು ಮೂರು ಪತ್ರಿಕೆಗಳಲ್ಲಿ ವಿಮರ್ಶೆ ಬಂದಿದೆ.

ಒಟ್ಟು ಲೆಕ್ಕ ಹೀಗಿದೆ. ಬಂದದ್ದು ಹನ್ನೊಂದು ಲಕ್ಷ ತೊಂಬತ್ತಾರು ಸಾವಿರ. ಅಚ್ಚು, ಸ್ಟುಡಿಯೋ, ಕವಚ ಮತ್ತು ಸಂಘದ ಶುಲ್ಕ ಸೇರಿ ಖರ್ಚು ಐದು ಲಕ್ಷ ತೊಂಬತ್ತಾರು ಸಾವಿರ. ಬಾಷಾಸಾಬರಿಗೆ ಒಂದೂವರೆ ಲಕ್ಷ, ಜೊತೆಗೆ ಒಂದನೆಯ ನಂಬರಿನ ಪ್ರತಿ. ಅದನ್ನು ಜಮಾಲಬಿ ಬೆಕ್ಕು ಹತ್ತದ ಕಡೆ ಇಟ್ಟಿದ್ದಾರೆ. ಮಡಿವಾಳೆಪ್ಪನವರಿಗೆ, ಸಿಳ್ಳೆಯ ನಾಲ್ಕುನೂರು ಕಳೆದು, ನಾಲ್ಕು ಲಕ್ಷ ನಲವತ್ತೊಂಬತ್ತು ಸಾವಿರದ ಆರುನೂರು. ಇಸ್ಮಾಯಿಲಸಾಬರ ಕ್ಲಾರಿನೆಟ್ ಪ್ರತಿಯೊಂದಕ್ಕೆ ನಲವತ್ತು ಸೆಕೆಂಡಿನಂತೆ ಮುನ್ನೂರು ಪ್ರತಿಗಳಲ್ಲಿ ಒಟ್ಟು ಮೂರು ತಾಸು ಇಪ್ಪತ್ತು ನಿಮಿಷ. ಒಂದು ಸೆಕೆಂಡೂ ಖರ್ಚಾಗದೆ ಎಲ್ಲವೂ ಶಿಲ್ಕು ಇದೆ.